ಹುಚ್ಚು ಹಸು, ಗಂಗೆಯ ಹೆಣ ಮತ್ತು ಬೆಂಗಳೂರಿನ ಒಂದು ರಿಜಿಸ್ಟರ್

ಹುಚ್ಚು ಹಸುವಿನ ರೋಗ, ಅದೇ ಮ್ಯಾಡ್ ಕೌ, ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಇಂಗ್ಲೆಂಡಿನ ಯಾವುದೋ ಕೊಟ್ಟಿಗೆಯಲ್ಲಿ ಕಾಲು ನಿಲ್ಲದೆ ಜಾರಿ ಜಾರಿ ಬೀಳುವ ಆಕಳು. ನನ್ನ ವಯಸ್ಸಿನವರಿಗೆ ಅದು ಹಳೇ ವಿಡಿಯೋ ಅಷ್ಟೆ. ಆದರೆ ಆ ಆಕಳಿನ ಕಥೆಯಲ್ಲಿ ಒಮ್ಮೆ ನಮ್ಮ ದೇಶವನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದರು, ಆಗ ಬೆಂಗಳೂರಿನ ಇಬ್ಬರು ಡಾಕ್ಟರು ಅದಕ್ಕೆ ಉತ್ತರ ಬರೆದಿದ್ದರು ಅನ್ನೋದು ನನಗೆ ಗೊತ್ತಾಗಿದ್ದು ಇತ್ತೀಚೆಗೆ. ಓದುತ್ತಾ ಹೋದ ಹಾಗೆ ವಿಷಯ ಬಿಡಲೇ ಇಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರು. ಹಾಗಾಗಿ ನನಗೆ ಅರ್ಥವಾದ ಭಾಷೆಯಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡೇ ಕೂತ್ಕೊಳ್ಳಿ :)

ಮೊದಲು ಆರೋಪ ಏನು ಅಂತ ನೋಡೋಣ.

2005ರ ಸೆಪ್ಟೆಂಬರಿನಲ್ಲಿ 'ಲ್ಯಾನ್ಸೆಟ್' ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಲನ್ ಕೋಲ್ಚೆಸ್ಟರ್ ಮತ್ತು ನ್ಯಾನ್ಸಿ ಕೋಲ್ಚೆಸ್ಟರ್ ಒಂದು ವಾದ ಮಂಡಿಸಿದರು. 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ ಲಕ್ಷಾಂತರ ಟನ್ ಎಲುಬು ಮತ್ತು ಎಲುಬಿನ ಪುಡಿಯನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿತ್ತು, ಗೊಬ್ಬರಕ್ಕೆ ಮತ್ತು ದನದ ಆಹಾರಕ್ಕೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತಿದ್ದುದು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ. ಇಲ್ಲಿ ಹೆಣಗಳನ್ನು ನದಿಗೆ ಬಿಡುವ ಪದ್ಧತಿ ಇದೆ, ಎಲುಬು ಆರಿಸುವ ಬಡವರು ದನದ ಎಲುಬಿನ ಜೊತೆ ಮನುಷ್ಯರ ಎಲುಬನ್ನೂ ಮಾರಿರಬಹುದು, ಆ ಸತ್ತವರಲ್ಲಿ ಯಾರೋ ಒಬ್ಬರಿಗೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ (ಇನ್ನು ಮುಂದೆ ಸಿಜೆಡಿ ಅನ್ನೋಣ, ನಾಲಿಗೆ ಉಳಿಯಲಿ) ಇದ್ದಿರಬಹುದು, ಅದೇ ಇಂಗ್ಲೆಂಡಿನ ಆಕಳ ಹೊಟ್ಟೆ ಸೇರಿ ಹುಚ್ಚು ಹಸುವಿನ ರೋಗ ಶುರುವಾಗಿರಬಹುದು... ಹೀಗೆ.

ಎಷ್ಟು 'ಬಹುದು'ಗಳು ನೋಡಿ. ಓದಿದ ಕೂಡಲೇ ನನಗೆ ಸಿಟ್ಟು ಬಂತು, ನಿಮಗೂ ಬಂದಿರುತ್ತೆ. ಆದರೆ ಸಿಟ್ಟು ಉತ್ತರ ಅಲ್ಲ. ಇದು ಸುಳ್ಳು ಅಂತ ಹೇಳಬೇಕಾದರೆ ಮೊದಲು ಒಂದು ಸಾದಾ ಪ್ರಶ್ನೆಗೆ ಉತ್ತರ ಬೇಕು. ಭಾರತದಲ್ಲಿ ಎಷ್ಟು ಜನಕ್ಕೆ ಸಿಜೆಡಿ ಬರುತ್ತೆ? ಯಾರಾದರೂ ಎಣಿಸಿದ್ದಾರಾ?

ಎಣಿಸಿದ್ದರು. ಆ ಕಥೆಗೆ ಬರುವ ಮುಂಚೆ ಕಾಯಿಲೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ.

ನಮ್ಮದು ನವಲಗುಂದ. ಎರಿ ಭೂಮಿ, ಜ್ವಾಳ, ಕಡ್ಲಿ, ಹತ್ತಿ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮ ಕಡೆ ಇಂದಿಗೂ ಇದೆ, ಗೊಬ್ಬರಕ್ಕೆ ಅದಕ್ಕಿಂತ ಒಳ್ಳೇದಿಲ್ಲ ಅಂತಾರೆ. ಈ ಕಾಯಿಲೆಯ ಕಥೆ ಶುರುವಾಗುವುದೂ ಕುರಿಯಿಂದಲೇ. ಯುರೋಪಿನ ಕುರಿಗಾಹಿಗಳಿಗೆ ಹದಿನೆಂಟನೇ ಶತಮಾನದಲ್ಲೇ 'ಸ್ಕ್ರೇಪಿ' ಅನ್ನೋ ರೋಗ ಗೊತ್ತಿತ್ತು. ಕುರಿ ಕಂಬಕ್ಕೆ, ಬೇಲಿಗೆ ಮೈ ತಿಕ್ಕಿ ತಿಕ್ಕಿ ಉಣ್ಣೆ ಎಲ್ಲಾ ಉದುರಿಸಿಕೊಳ್ಳುತ್ತೆ, ಆಮೇಲೆ ಕಾಲು ಸೋಲುತ್ತೆ, ಸಾಯುತ್ತೆ. ಹಿಮಾಲಯದ ತಪ್ಪಲಿನ ಕುರಿಗಳಲ್ಲೂ ಇದು ಕಂಡಿದೆ ಅಂತ 1961ರಲ್ಲಿ ವರದಿಯಾಗಿತ್ತು.

ಮನುಷ್ಯರಲ್ಲಿ ಇದೇ ಜಾತಿಯ ಕಾಯಿಲೆಯನ್ನು 1920 ಮತ್ತು 21ರಲ್ಲಿ ಕ್ರಾಯ್ಟ್ಸ್‌ಫೆಲ್ಟ್, ಯಾಕೋಬ್ ಎಂಬ ಇಬ್ಬರು ಜರ್ಮನ್ ವೈದ್ಯರು ಬರೆದಿಟ್ಟರು. 1957ರಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ 'ಕುರು' ಅನ್ನೋ ಕಾಯಿಲೆಯನ್ನು ಗೈಡುಸೆಕ್ ಮತ್ತು ಜಿಗಾಸ್ ಲೋಕಕ್ಕೆ ತಿಳಿಸಿದರು. ಫೋರೆ ಜನ ಸತ್ತ ಬಂಧುಗಳನ್ನು ಗೌರವದಿಂದ ತಿನ್ನುತ್ತಿದ್ದರು, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, ಕಾಯಿಲೆ ಬರುತ್ತಿದ್ದುದೂ ಹೆಚ್ಚಾಗಿ ಅವರಿಗೇ. 1959ರಲ್ಲಿ ವಿಲಿಯಂ ಹ್ಯಾಡ್ಲೋ ಎಂಬ ಪಶುವೈದ್ಯ ಕುರುವಿನ ಮೆದುಳಿನ ಚಿತ್ರ ನೋಡಿ, ಅರೆ, ಇದು ನಮ್ಮ ಸ್ಕ್ರೇಪಿ ಕುರಿಯ ಮೆದುಳಿನ ಹಾಗೇ ಇದೆಯಲ್ಲ ಅಂದ. ಮೆದುಳಿನ ತುಂಬಾ ಸಣ್ಣ ಸಣ್ಣ ತೂತು, ಸ್ಪಂಜಿನ ಹಾಗೆ. ಕುರು ಚಿಂಪಾಂಜಿಗೂ ಅಂಟುತ್ತೆ ಅಂತ 1966ರಲ್ಲಿ ತೋರಿಸಿದರು. ಗೈಡುಸೆಕ್‌ಗೆ 1976ರಲ್ಲಿ ನೊಬೆಲ್ ಬಂತು.

ಸರಿ, ಅಂಟುವುದು ಏನು? ಬ್ಯಾಕ್ಟೀರಿಯ ಸಿಗಲಿಲ್ಲ, ವೈರಸ್ ಸಿಗಲಿಲ್ಲ. ಡಿಎನ್ಎ, ಆರ್‌ಎನ್ಎಗಳನ್ನು ಹಾಳು ಮಾಡುವ ಕಿರಣ ಹಾಯಿಸಿದರೂ ರೋಗದ ಶಕ್ತಿ ಹೋಗಲಿಲ್ಲ. ಸ್ಟ್ಯಾನ್ಲಿ ಪ್ರುಸಿನರ್ ಎಂಬ ಅಮೆರಿಕದ ವೈದ್ಯ 1972ರಲ್ಲಿ ತನ್ನ ಕೈಕೆಳಗಿದ್ದ ಒಬ್ಬ ಸಿಜೆಡಿ ರೋಗಿ ಸತ್ತ ಮೇಲೆ ಇದರ ಬೆನ್ನು ಹತ್ತಿದ. ಹತ್ತು ವರ್ಷದ ನಂತರ, 1982ರಲ್ಲಿ, ಇದು ಬರೀ ಒಂದು ಪ್ರೋಟೀನು, ಇದರ ಹೆಸರು 'ಪ್ರಿಯಾನ್' ಅಂದ. ಬಹಳ ಜನ ನಕ್ಕರು. 1997ರಲ್ಲಿ ಅವನಿಗೂ ನೊಬೆಲ್ ಬಂತು.

ಬರೀ ಪ್ರೋಟೀನು ಹೇಗೆ ಅಂಟುತ್ತೆ? ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ನಮ್ಮ ಕಡೆ ಹಿರಿಯರು ತಲೆಗೆ ಪಟಕಾ ಸುತ್ತುತ್ತಾರಲ್ಲ, ಅದು ಬಿಚ್ಚಿದರೆ ಒಂದು ಉದ್ದನೆಯ ಬಟ್ಟೆ ಅಷ್ಟೆ. ಸುತ್ತಿದ ರೀತಿಯಿಂದಲೇ ಅದು ಪಟಕಾ. ಪ್ರೋಟೀನೂ ಹಾಗೇ, ಅಮೈನೋ ಆಮ್ಲಗಳ ಉದ್ದನೆಯ ಸರ. ಅದು ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತೆ. ಪ್ರಿಯಾನ್ ಪ್ರೋಟೀನು ನಮ್ಮೆಲ್ಲರ ಮೆದುಳಿನಲ್ಲೂ ಇದೆ, ಸರಿಯಾಗಿ ಮಡಚಿಕೊಂಡು ತನ್ನ ಪಾಡಿಗೆ ತಾನಿದೆ. ಯಾವಾಗಲೋ ಒಂದು ಬೇರೆ ರೀತಿ ಮಡಚಿಕೊಳ್ಳುತ್ತೆ. ಅದು ಪಕ್ಕದ್ದನ್ನು ಮುಟ್ಟಿದರೆ ಪಕ್ಕದ್ದೂ ಅದೇ ರೀತಿ ತಿರುಗುತ್ತೆ. ಜಾತ್ರೆಯಲ್ಲಿ ಒಬ್ಬ ಪಟಕಾ ತಪ್ಪಾಗಿ ಸುತ್ತಿಕೊಂಡು ಬಂದ, ಅವನಿಗೆ ಭುಜ ತಾಗಿದವರ ಪಟಕಾ ಎಲ್ಲಾ ತಾನಾಗೇ ಬಿಚ್ಚಿ ಅದೇ ರೀತಿ ಸುತ್ತಿಕೊಂಡಿತು ಅಂದ್ಕೊಳ್ಳಿ. ಬಟ್ಟೆ ಅದೇ, ಒಂದು ಎಳೆಯೂ ಬದಲಾಗಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಕೋಡ್ ಒಂದಕ್ಷರ ಬದಲಾಗದೆ ಬಗ್ ಹರಡುತ್ತಿದೆ.

ಹೀಗೆ ತಪ್ಪಾಗಿ ಮಡಚಿಕೊಂಡ ಪ್ರೋಟೀನು ಬಲು ಗಟ್ಟಿ. ಶವದ ಮೆದುಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿಗೆ ಅದು ಜಗ್ಗುವುದಿಲ್ಲ. ಸಾಧಾರಣ ಕುದಿಯುವ ನೀರಿಗೂ ಇಲ್ಲ. 134 ಡಿಗ್ರಿಯ ಒತ್ತಡದ ಹಬೆ, ಕಾಸ್ಟಿಕ್ ಸೋಡಾ, ಫಾರ್ಮಿಕ್ ಆಮ್ಲ, ಇಂಥವು ಬೇಕು. ಸಿಜೆಡಿ ರೋಗಿಯ ಕಣ್ಣಿನ ಕಾರ್ನಿಯಾ ಹಾಕಿಸಿಕೊಂಡವರಿಗೆ, ಅವರ ಮೆದುಳಿಗೆ ಬಳಸಿದ ಎಲೆಕ್ಟ್ರೋಡನ್ನು ಮತ್ತೆ ಬಳಸಿದವರಿಗೆ ಕಾಯಿಲೆ ಅಂಟಿದ್ದು 1970ರ ದಶಕದಲ್ಲೇ ವರದಿಯಾಗಿದೆ. ಅಂದರೆ ಈ ಕಾಯಿಲೆಯ ಮೆದುಳನ್ನು ಕೈಯಲ್ಲಿ ಹಿಡಿದು ಕೊಯ್ಯುವ ಡಾಕ್ಟರಿಗೆ ಧೈರ್ಯ ಬೇಕು.

ಇಂಗ್ಲೆಂಡಿನ ಆಕಳಿಗೆ ಆದದ್ದೇನು? ಸತ್ತ ದನ ಕುರಿಗಳ ಮಾಂಸ-ಎಲುಬಿನ ಪುಡಿಯನ್ನು ಆಕಳಿಗೇ ತಿನ್ನಿಸುತ್ತಿದ್ದರು. ಇದನ್ನು ಓದಿ ನಾನು ಒಂದು ಕ್ಷಣ ನಿಂತೆ. ನಮ್ಮ ಮನೆ ಆಕಳಿಗೆ ಕಣಕಿ, ಹೊಟ್ಟು, ಹಿಂಡಿ, ಹೆಚ್ಚೆಂದರೆ ಹತ್ತಿಕಾಳು. ಆಕಳಿಗೆ ಎಲುಬು ತಿನ್ನಿಸಬಹುದು ಅಂತ ನಮ್ಮೂರಲ್ಲಿ ಹೇಳಿದರೆ ಹೇಳಿದವನನ್ನೇ ಧಾರವಾಡಕ್ಕೆ ಕಳಿಸುತ್ತಾರೆ! (ನಮ್ಮ ಕಡೆ 'ಧಾರವಾಡಕ್ಕೆ ಕಳಿಸೋದು' ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ ಅಂತ. ಬೆಂಗಳೂರಿನವರು ನಿಮ್ಹಾನ್ಸ್ ಅಂತಾರಲ್ಲ, ಹಾಗೆ.) 1986ರಲ್ಲಿ ರೋಗ ಗೊತ್ತಾಯಿತು, 1988ರಲ್ಲಿ ಆ ಪುಡಿಯನ್ನು ದನಗಳಿಗೆ ತಿನ್ನಿಸುವುದನ್ನು ನಿಷೇಧಿಸಿದರು. ಅಷ್ಟರಲ್ಲಿ ತಡವಾಗಿತ್ತು. ಬ್ರಿಟನ್ನಿನಲ್ಲಿ 1,80,000ಕ್ಕೂ ಹೆಚ್ಚು ದನಗಳಲ್ಲಿ ರೋಗ ಖಚಿತವಾಯಿತು. ಮಾಂಸ ತಿಂದ ಮನುಷ್ಯರಿಗೂ ಬಂದಿದೆ ಅಂತ 1996ರಲ್ಲಿ ಸರ್ಕಾರ ಒಪ್ಪಿಕೊಂಡಿತು. ಅಲ್ಲಿ ಅದರಿಂದ ಸತ್ತವರು 178 ಜನ, ಹೆಚ್ಚಿನವರು ಹರೆಯದವರು.

ಇಷ್ಟೆಲ್ಲ ಆದ ಮೇಲೆ ಬಂದದ್ದು 2005ರ ಆ ವಾದ. ಮೂಲ ನಮ್ಮ ಕೊಟ್ಟಿಗೆ ಅಲ್ಲ, ನಿಮ್ಮ ಗಂಗೆ ಅಂತ.

ಈಗ ಬೆಂಗಳೂರಿಗೆ ಬರೋಣ.

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎಷ್ಟೋ ಕಂಪನಿ ಬಸ್ಸುಗಳು ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮುಂದೆಯೇ ಹಾದು ಹೋಗುತ್ತವೆ. ಒಳಗಿದ್ದವರಲ್ಲಿ ಯಾರಾದರೂ ಒಬ್ಬ 'ಲೇ, ನಿನ್ನ ಸ್ಟಾಪ್ ಬಂತು ಇಳಿಯೋ' ಅನ್ನದೆ ಬಸ್ಸು ಮುಂದೆ ಹೋಗಿದ್ದು ನಾನು ಕಂಡಿಲ್ಲ. ಆ ಗೇಟಿನ ಒಳಗೆ ಡಾ. ಎಸ್. ಕೆ. ಶಂಕರ್ ಎಂಬ ನರರೋಗ ಶಾಸ್ತ್ರಜ್ಞರು ದಶಕಗಳ ಕಾಲ ಮೆದುಳು ಕೊಯ್ದು, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಬಂದರು. ನ್ಯೂರೋಪೆಥಾಲಜಿ ಅನ್ನುತ್ತಾರೆ. ರೋಗಿ ಬದುಕಿದ್ದಾಗ ನೋಡುವವರು ನ್ಯೂರಾಲಜಿಸ್ಟು, ಸತ್ತ ಮೇಲೆ 'ನಿಜಕ್ಕೂ ಏನಾಗಿತ್ತು' ಅಂತ ಹೇಳುವವರು ಇವರು. ಅವರ ಜೊತೆ ನ್ಯೂರಾಲಜಿಯ ಡಾ. ಪಿ. ಸತೀಶ್‌ಚಂದ್ರ. ನಮ್ಮ ಹಳೇ ಮೈಸೂರು ಕಡೆಯ ಒಂದು ವಿಚಿತ್ರ ಕಾಯಿಲೆ, ತಲೆಗೆ ಬಿಸಿನೀರು ಹೊಯ್ದುಕೊಂಡರೆ ಬರುವ ಮೂರ್ಛೆ, ಅದರ ಬಗ್ಗೆ ಬಹಳ ಕೆಲಸ ಮಾಡಿದವರು ಇವರೇ. ಮುಂದೆ ನಿಮ್ಹಾನ್ಸಿನ ನಿರ್ದೇಶಕರೂ ಆದರು.

ಇಬ್ಬರೂ ಸೇರಿ ಮಾಡಿದ್ದು ನೋಡಲು ತೀರಾ ಸಣ್ಣ ಕೆಲಸ. ಒಂದು ರಿಜಿಸ್ಟರ್. ದೇಶದಲ್ಲಿ ಎಲ್ಲಾದರೂ ಸಿಜೆಡಿ ಅನ್ನೋ ಅನುಮಾನ ಬಂದರೆ ಅದನ್ನು ಬರೆದಿಡುವುದು. ವಯಸ್ಸೆಷ್ಟು, ಯಾವ ಕಡೆಯವರು, ಕಾಯಿಲೆ ಹೇಗೆ ಶುರುವಾಯಿತು, ಎಷ್ಟು ತಿಂಗಳಿಗೆ ಸತ್ತರು, ಇಇಜಿಯಲ್ಲಿ ಸೆಕೆಂಡಿಗೊಂದರಂತೆ ಬರುವ ಆ ಚೂಪು ಅಲೆ ಕಂಡಿತಾ, ಮೆದುಳಿನ ಚೂರು ಸಿಕ್ಕಿದರೆ ಅದರಲ್ಲಿ ಸ್ಪಂಜಿನ ತೂತು ಇತ್ತಾ. 1971ರಿಂದ 1990ರವರೆಗಿನ ಲೆಕ್ಕವನ್ನು ಸತೀಶ್‌ಚಂದ್ರ ಮತ್ತು ಶಂಕರ್ 1991ರಲ್ಲಿ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ವರ್ಷ ಗಮನಿಸಿ. 1991. ಹುಚ್ಚು ಹಸುವಿನ ರೋಗ ಮನುಷ್ಯರಿಗೆ ಬರುತ್ತೆ ಅಂತ ಬ್ರಿಟನ್ ಒಪ್ಪಿಕೊಳ್ಳಲು ಇನ್ನೂ ಐದು ವರ್ಷ ಇತ್ತು. ಪ್ರುಸಿನರ್‌ನ ನೊಬೆಲ್‌ಗೆ ಆರು ವರ್ಷ. ಗಂಗೆಯ ಆರೋಪಕ್ಕೆ ಹದಿನಾಲ್ಕು ವರ್ಷ. ಕ್ಷಯ, ರೇಬೀಸ್, ಮೆದುಳಿನಲ್ಲಿ ಲಾಡಿಹುಳು, ರಸ್ತೆ ಅಪಘಾತ, ಇವೇ ಸಾಲುಗಟ್ಟಿ ನಿಂತಿರುವ ಆಸ್ಪತ್ರೆಯಲ್ಲಿ ಹತ್ತು ಲಕ್ಷಕ್ಕೊಬ್ಬರಿಗೆ ಬರುವ, ಮದ್ದೇ ಇಲ್ಲದ ಕಾಯಿಲೆಯ ಲೆಕ್ಕ ಯಾಕೆ ಇಡಬೇಕು ಅಂತ ಯಾರಾದರೂ ಕೇಳಿದ್ದರೆ ಆಗ ಹೇಳಲು ಗಟ್ಟಿ ಉತ್ತರ ಇರಲಿಲ್ಲ. ಆದರೂ ಬರೆದಿಟ್ಟರು.

ಶಂಕರ್ ಅವರ ಇನ್ನೊಂದು ಕೆಲಸ ನಿಮ್ಹಾನ್ಸಿನ ಬ್ರೇನ್ ಬ್ಯಾಂಕು. ಮಾನವ ಮೆದುಳಿನ ಅಂಗಾಂಶ ಭಂಡಾರ ಅನ್ನಬಹುದು, 1995ರಲ್ಲಿ ಶುರುವಾಯಿತು. ಸತ್ತವರ ಮನೆಯವರನ್ನು ಕೇಳಿ, ಅವರು ಒಪ್ಪಿದರೆ ಮೆದುಳನ್ನು ಇಟ್ಟುಕೊಂಡು, ಸಂಶೋಧನೆ ಮಾಡುವವರಿಗೆ ಕೊಡುವುದು. ಹೆಣದ ಪಕ್ಕ ಅಳುತ್ತಾ ನಿಂತ ಮಗನನ್ನೋ ಹೆಂಡತಿಯನ್ನೋ ಈ ಮಾತು ಕೇಳುವುದು ಎಷ್ಟು ಕಷ್ಟ, ಸ್ವಲ್ಪ ಯೋಚಿಸಿ. ಅದೇ ವಿಭಾಗದಲ್ಲಿ ಮೆದುಳಿನ ಮ್ಯೂಸಿಯಂ ಕೂಡ ಇದೆ. ಸಾರ್ವಜನಿಕರೂ ಹೋಗಬಹುದು, ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಬೆಂಗಳೂರಿನಲ್ಲಿದ್ದೂ ನೋಡಿಲ್ಲ ಅಂದ್ರೆ ಒಂದು ಸಲ ಹೋಗಿ ಬನ್ನಿ.

ಅಂದ ಹಾಗೆ, ಪ್ರೋಟೀನು ಮಡಚಿಕೊಳ್ಳುವ ವಿಷಯದಲ್ಲಿ ಬೆಂಗಳೂರಿಗೆ ಬೇರೆಯೇ ಒಂದು ಪರಂಪರೆ ಇದೆ. ಪ್ರೋಟೀನಿನ ಸರ ಯಾವ್ಯಾವ ಕೋನದಲ್ಲಿ ಬಾಗಬಹುದು, ಎಲ್ಲಿ ಬಾಗಲಾರದು ಅಂತ 1963ರಲ್ಲಿ ಮದರಾಸಿನಲ್ಲಿ ನಕ್ಷೆ ಹಾಕಿ ತೋರಿಸಿದ ಜಿ. ಎನ್. ರಾಮಚಂದ್ರನ್ 70ರ ದಶಕದ ಆರಂಭದಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಹೊಸ ವಿಭಾಗ ಕಟ್ಟಿದರು. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಜಯಂತ್ ಉದಗಾಂವ್ಕರ್ 'ಬಾರ್‌ಸ್ಟಾರ್' ಎಂಬ 89 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಹೇಗೆ ಮಡಚಿಕೊಳ್ಳುತ್ತೆ ಅನ್ನೋದನ್ನು ವರ್ಷಗಟ್ಟಲೆ ಬಿಡಿಸಿ ಬಿಡಿಸಿ ನೋಡಿದರು. ಆಮೇಲೆ ಇಲಿಯ ಪ್ರಿಯಾನ್ ಪ್ರೋಟೀನನ್ನು ಹಿಡಿದರು. ಅದು ಆಮ್ಲದ ವಾತಾವರಣದಲ್ಲಿ ಹೇಗೆ ದಾರಿ ತಪ್ಪುತ್ತೆ, ದಾರಿ ತಪ್ಪಿದವು ಹೇಗೆ ಗುಂಪು ಕಟ್ಟುತ್ತವೆ ಅಂತ. ಒಂದೇ ಊರಿನಲ್ಲಿ ಒಂದು ಕಡೆ ಪರೀಕ್ಷಾನಳಿಕೆಯಲ್ಲಿ ಕಾಯಿಲೆಯ ಮೊದಲ ಹೆಜ್ಜೆ, ಇನ್ನೊಂದು ಕಡೆ ಸ್ಲೈಡಿನ ಮೇಲೆ ಕೊನೆಯ ಹೆಜ್ಜೆ. ಇದರ ಬಗ್ಗೆ ಇನ್ನೊಮ್ಮೆ ಬರೀತೀನಿ. ಈಗ ಮತ್ತೆ ಆರೋಪಕ್ಕೆ.

'ಲ್ಯಾನ್ಸೆಟ್' ಆ ಲೇಖನವನ್ನು ಒಂಟಿಯಾಗಿ ಅಚ್ಚು ಹಾಕಲಿಲ್ಲ. ಅದೇ ಸಂಚಿಕೆಯಲ್ಲಿ ಅದರ ಮೇಲೆ ಒಂದು ಟಿಪ್ಪಣಿ ಇತ್ತು, ಬರೆದವರು ಶಂಕರ್ ಮತ್ತು ಸತೀಶ್‌ಚಂದ್ರ. ಯಾಕೆ ಅವರೇ? ಭಾರತದ ಸಿಜೆಡಿ ಬಗ್ಗೆ ಊಹೆ ಬಿಟ್ಟು ಬೇರೇನಾದರೂ ಕೈಯಲ್ಲಿ ಇಟ್ಟುಕೊಂಡು ಮಾತಾಡಬಲ್ಲವರು ಅವರೇ.

ಈಗ ನೀವು ಆ ಜಾಗದಲ್ಲಿದ್ದೀರಿ ಅಂದ್ಕೊಳ್ಳಿ. ಲೋಕದ ಲೆಕ್ಕದ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಸಿಜೆಡಿ ಬರಬೇಕು. ನೂರು ಕೋಟಿ ದಾಟಿದ ದೇಶದಲ್ಲಿ ವರ್ಷಕ್ಕೆ ಸಾವಿರ ಕೇಸಾದರೂ ಸಿಗಬೇಕು. ಆದರೆ ರಿಜಿಸ್ಟರಿನ ಮೊದಲ ಇಪ್ಪತ್ತು ವರ್ಷಕ್ಕೆ ಸಿಕ್ಕವರು ನೂರನ್ನೂ ಮುಟ್ಟಲಿಲ್ಲ. ಇದಕ್ಕಿಂತ ಒಳ್ಳೆ ಅಸ್ತ್ರ ಬೇಕಾ? 'ನೋಡಿ, ನಮ್ಮಲ್ಲಿ ಈ ಕಾಯಿಲೆಯೇ ಇಲ್ಲ ಅನ್ನುವಷ್ಟು ಕಡಿಮೆ, ನಿಮ್ಮ ಮಾತು ಸುಳ್ಳು' ಅಂತ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಪೇಪರುಗಳಲ್ಲಿ ಮರುದಿನ ಒಳ್ಳೆ ಹೆಡ್ಡಿಂಗೂ ಬರುತ್ತಿತ್ತು.

ಅವರು ಹಾಗೆ ಬರೆಯಲಿಲ್ಲ. ಇಷ್ಟು ದೇಶಗಳಿಗೆ, ಜನರ ಆಚಾರಕ್ಕೆ, ಧರ್ಮಕ್ಕೆ ತಾಗುವ ವಿಷಯದಲ್ಲಿ ಊಹೆ ಕಟ್ಟುವಾಗ ವಿಜ್ಞಾನಿಗಳು ಎಚ್ಚರದಿಂದ ಇರಬೇಕು ಅಂದರು. ಅದರ ಜೊತೆಗೇ, ಈ ವಾದವನ್ನು ತಳ್ಳಿಹಾಕದೆ ಮುಂದೆ ಪರಿಶೀಲಿಸಬೇಕು, ಪರವಾಗಿರಲಿ ವಿರುದ್ಧವಾಗಿರಲಿ, ನಿಜ ಸಂಗತಿಗಳನ್ನು ತುರ್ತಾಗಿ ಮತ್ತು ಬಹಳ ಜಾಗರೂಕತೆಯಿಂದ ಕಲೆಹಾಕಬೇಕು ಅಂತಲೂ ಅಂದರು. ತಮ್ಮದೇ ದೇಶದ ಮೇಲಿನ ಆರೋಪಕ್ಕೆ!

ಮೊದಲ ಸಲ ಓದಿದಾಗ ನನಗೆ ಇದು ಸ್ವಲ್ಪ ಸಪ್ಪೆ ಅನ್ನಿಸಿತು. ಆಮೇಲೆ ನಮ್ಮೂರನ್ನು ಇಟ್ಟುಕೊಂಡು ಯೋಚಿಸಿದೆ.

ನವಲಗುಂದದ ನಮ್ಮ ಓಣಿಯಲ್ಲಿ ಒಬ್ಬ ಅಜ್ಜ ಇದ್ದ. ಲೆಕ್ಕದಲ್ಲಿ ಪಕ್ಕಾ, ಎಪಿಎಂಸಿಯ ಹೆಸರುಕಾಳಿನ ರೇಟು ಬಾಯಲ್ಲೇ ಇರುತ್ತಿತ್ತು. ಒಂದು ಯುಗಾದಿ ಹೊತ್ತಿಗೆ ಮಾತು ತಪ್ಪತೊಡಗಿತು, ಕಾರಹುಣ್ಣಿಮೆ ಹೊತ್ತಿಗೆ ಮಗನ ಗುರುತು ಇಲ್ಲ, ನಡೆದರೆ ತೂರಾಡುತ್ತಿದ್ದ, ಯಾರಾದರೂ ಬಾಗಿಲು ಬಡಿದರೆ ಮೈಯೆಲ್ಲಾ ಬೆಚ್ಚಿ ಬೀಳುತ್ತಿತ್ತು. ಪಂಚಮಿಗೆ ಮುಂಚೆ ಹೋಗಿಬಿಟ್ಟ. 'ಅರಳು ಮರಳು ಆಗಿತ್ತು ಬಿಡ್ರಿ, ವಯಸ್ಸಾಗಿತ್ತಲ್ಲ' ಅಂದರು ಎಲ್ಲರೂ. 'ಗಾಳಿ ಬಡಿದಿತ್ತು' ಅಂದವರೂ ಇದ್ದರು. ಅವರಿಗೆ ಸಿಜೆಡಿ ಇತ್ತು ಅಂತ ನಾನು ಹೇಳುತ್ತಿಲ್ಲ, ಹೇಳಲು ನಾನ್ಯಾರು? ನನ್ನ ಮಾತು ಇಷ್ಟೆ, ಇತ್ತೋ ಇಲ್ಲವೋ ಅಂತ ಯಾವ ರಿಜಿಸ್ಟರಿಗೂ ಗೊತ್ತಿಲ್ಲ. ಸಿಜೆಡಿ ಶುರುವಾದರೆ ಹೆಚ್ಚಿನವರಿಗೆ ಉಳಿಯುವುದು ನಾಲ್ಕಾರು ತಿಂಗಳು. ಅಷ್ಟರೊಳಗೆ ತಾಲೂಕು ಆಸ್ಪತ್ರೆ, ಅಲ್ಲಿಂದ ಹುಬ್ಬಳ್ಳಿ, ಅಲ್ಲಿಂದ ಬೆಂಗಳೂರು ಮುಟ್ಟಬೇಕು, ನೋಡಿದ ಡಾಕ್ಟರಿಗೆ ಈ ಕಾಯಿಲೆ ನೆನಪಾಗಬೇಕು, ಸತ್ತ ಮೇಲೆ ಮೆದುಳು ತೆಗೆಯಲು ಮನೆಯವರು ಒಪ್ಪಬೇಕು. ಬಿತ್ತನೆ ಬಿಟ್ಟು ಯಾರು ಹೊರಡುತ್ತಾರೆ?

ಅಂದರೆ ರಿಜಿಸ್ಟರಿನ ಆ ಸಣ್ಣ ಸಂಖ್ಯೆಗೆ ಎರಡು ಅರ್ಥ ಇರಬಹುದು. ಕಾಯಿಲೆ ನಿಜಕ್ಕೂ ಕಡಿಮೆ ಇರಬಹುದು, ಇಲ್ಲಾ ನಮ್ಮ ಕಣ್ಣಿಗೆ ಬಿದ್ದದ್ದು ಕಡಿಮೆ ಇರಬಹುದು. ಶಂಕರ್ ಮತ್ತು ಸತೀಶ್‌ಚಂದ್ರ ಅವರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಯಾಕಂದ್ರೆ ಲೆಕ್ಕ ಇಟ್ಟವರಿಗೇ ತಮ್ಮ ಲೆಕ್ಕ ಎಲ್ಲಿಯವರೆಗೆ ಮುಟ್ಟುತ್ತೆ ಅಂತ ಗೊತ್ತಿರುತ್ತೆ. ತಮ್ಮ ಸಂಖ್ಯೆ ಹೊರಲಾರದ ಭಾರವನ್ನು ಅದರ ಮೇಲೆ ಅವರು ಹೇರಲಿಲ್ಲ. ನಾವು ಆಫೀಸಿನಲ್ಲಿ ಟೆಸ್ಟೇ ಮಾಡದ ಮಾಡ್ಯೂಲಿಗೆ 'ಬಗ್ ಸೊನ್ನೆ' ಅಂತ ರಿಪೋರ್ಟ್ ಕಳಿಸುತ್ತೇವಲ್ಲ, ಅದು ನೆನಪಾಯಿತು :(

ಆಮೇಲೆ ಏನಾಯಿತು? ಆ ಗಂಗೆಯ ವಾದಕ್ಕೆ ಪುಷ್ಟಿ ಕೊಡುವ ನೇರ ಸಾಕ್ಷಿ ಸಿಗಲಿಲ್ಲ, ಅದು ಊಹೆಯಾಗಿಯೇ ಉಳಿಯಿತು. ಹುಚ್ಚು ಹಸುವಿನ ರೋಗ ಮೊದಲು ಹೇಗೆ ಹುಟ್ಟಿತು ಅನ್ನುವುದಕ್ಕೆ, ಕುರಿಯ ಸ್ಕ್ರೇಪಿಯಿಂದ ಬಂತು, ಆಕಳಿನಲ್ಲೇ ತಾನಾಗಿ ಹುಟ್ಟಿತು ಎಂಬ ವಾದಗಳು ಇವೆ, ಕೊನೆಯ ತೀರ್ಪು ಇನ್ನೂ ಬಂದಿಲ್ಲ. ಅದು ಹರಡಿದ್ದು ಮಾತ್ರ ಆಕಳಿಗೆ ಆಕಳನ್ನೇ ತಿನ್ನಿಸಿದ್ದರಿಂದ, ಅದರಲ್ಲಿ ಅನುಮಾನ ಇಲ್ಲ. ಪರೀಕ್ಷೆಗಳೂ ಸುಧಾರಿಸಿವೆ. ಮೊದಲು ಮೆದುಳಿನ ಚೂರೇ ಬೇಕಿತ್ತು. ಈಗ ಎಂಆರ್‌ಐನಲ್ಲಿ ಮೆದುಳಿನ ಅಂಚು ರಿಬ್ಬನ್ನಿನ ಹಾಗೆ ಹೊಳೆಯುವುದನ್ನು ನೋಡಿ ಅನುಮಾನ ಪಡಬಹುದು. ಬೆನ್ನುಹುರಿಯ ನೀರಿನಲ್ಲಿರುವ ತಪ್ಪು ಮಡಿಕೆಯ ಪ್ರೋಟೀನಿಗೆ ಸರಿ ಮಡಿಕೆಯ ಪ್ರೋಟೀನನ್ನು ಬೆರೆಸಿ, ಅದು ತಿರುಗುತ್ತಾ ಅಂತ ನೋಡುವ ಆರ್‌ಟಿ-ಕ್ವಿಕ್ ಎಂಬ ಪರೀಕ್ಷೆಯೂ ಬಂದಿದೆ. ಪ್ರುಸಿನರ್‌ನನ್ನು ನೋಡಿ ನಕ್ಕ ಅದೇ ಗುಣ ಈಗ ಪರೀಕ್ಷೆಯ ತಂತ್ರ! ಆಲ್ಝೈಮರ್, ಪಾರ್ಕಿನ್ಸನ್‌ಗಳಲ್ಲೂ ಪ್ರೋಟೀನು ತಪ್ಪಾಗಿ ಮಡಚಿ ಮೆದುಳಿನೊಳಗೆ ಹರಡುವುದನ್ನು ಇದೇ ಕನ್ನಡಕದಲ್ಲಿ ನೋಡುತ್ತಿದ್ದಾರೆ.

ಮದ್ದು ಮಾತ್ರ ಇನ್ನೂ ಇಲ್ಲ. ಹಾಗಾದರೆ ನಮ್ಮೂರ ಅಜ್ಜನನ್ನು ಬೆಂಗಳೂರಿಗೆ ಕರೆದೊಯ್ದು ಏನು ಮಾಡಬೇಕಿತ್ತು ಅಂತ ಕೇಳಬಹುದು. ಕಾರಣ ಇದೆ. ಸಿಜೆಡಿಯ ಹಾಗೇ ಕಾಣುವ, ಆದರೆ ವಾಸಿ ಮಾಡಬಹುದಾದ ಕಾಯಿಲೆಗಳು ಹಲವು. ಮೈಯ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ತಿರುಗಿಬೀಳುವುದು, ಮೆದುಳಿನ ಪೊರೆಯ ಕ್ಷಯ, ಬಿ12 ಕೊರತೆ, ಥೈರಾಯ್ಡ್, ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ. ಮುಪ್ಪಿನ ಮರೆವು ಬರಲು ವರ್ಷಗಳು ಬೇಕು. ವಾರಗಳಲ್ಲಿ, ಎರಡು ಮೂರು ತಿಂಗಳಲ್ಲಿ ಒಬ್ಬ ಮನುಷ್ಯ ಕಣ್ಣೆದುರೇ ಕುಸಿದರೆ ಅದು ಅರಳು ಮರಳು ಅಲ್ಲ. ಊರಿನಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ ಇರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಫೋನಿನಲ್ಲಿ 'ಯಾಕೋ ಅಜ್ಜಗ ಒಮ್ಮಿಂದೊಮ್ಮೆಲೆ ಹಿಂಗಾಗೇತಿ' ಅಂದರೆ 'ವಯಸ್ಸಾತು' ಅನ್ನಬೇಡಿ. ಹುಬ್ಬಳ್ಳಿಗಾದರೂ ಕರೆದುಕೊಂಡು ಹೋಗಲು ಹೇಳಿ.

ನಿಮ್ಮ ಊರುಗಳಲ್ಲಿ ಇಂಥದ್ದಕ್ಕೆ ಏನಂತಾರೆ? ತಿಳಿದಿದ್ದರೆ ಬರೆಯಿರಿ. ಡಾಕ್ಟರ್ ಗೆಳೆಯರು ಯಾರಾದರೂ ಓದುತ್ತಿದ್ದರೆ ನನ್ನ ಪಟಕಾ ಉಪಮೆಯನ್ನು ಇನ್ನೂ ಚೆನ್ನಾಗಿ ಸುತ್ತಿಕೊಟ್ಟರೆ ಸಂತೋಷ :)